ಕ್ಲಾಸಿಕಲ್ ಗಿಟಾರ್ ಕಛೇರಿಯಲ್ಲಿ ಆಧುನಿಕ ಕೃತಿ ನುಡಿಸಿದಾಗ ಗುನುಗುವಂಥ ಟ್ಯೂನೇ ಸಿಗುವುದಿಲ್ಲ. ಅದನ್ನು ಕೇಳುವುದು ಹೇಗೆ?

ಮೊದಲು ಟ್ಯೂನ್ ಹುಡುಕುವುದನ್ನು ಬಿಡಿ, ನಾದ ಕೇಳಿ. ಈ ಕೃತಿಗಳಲ್ಲಿ ಅರ್ಧ ಸಂಗೀತ ಇರುವುದೇ ಅಲ್ಲಿ.

ಕಲಾವಿದರ ಬಲಗೈ ಗಮನಿಸಿ. ಬ್ರಿಜ್ (ಗಿಟಾರಿನ ಒಡಲ ಮೇಲೆ ತಂತಿಗಳನ್ನು ಕಟ್ಟಿರುವ ಪಟ್ಟಿ) ಹತ್ತಿರ ಮೀಟಿದರೆ ದನಿ ತೆಳ್ಳಗೆ, ಚೂಪಾಗಿ ಬರುತ್ತದೆ. ಅದೇ ಸ್ವರವನ್ನು, ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ಕಡೆ ಸರಿದು ಮೀಟಿದರೆ ಮೆತ್ತಗೆ, ದುಂಡಗೆ ಕೇಳಿಸುತ್ತದೆ. ಬ್ರಿಜ್ ಪಕ್ಕದಲ್ಲಿ ಹೆಬ್ಬೆರಳಿನ ಬದಿಯಿಂದ ತಂತಿಗಳನ್ನು ಬಡಿದರೆ ಡ್ರಮ್ಮಿನಂಥ ಸದ್ದು. ತಂತಿಯನ್ನು ಮೇಲಕ್ಕೆಳೆದು ಬಿಟ್ಟಾಗ ಅದು ಫ್ರೆಟ್‌ಗೆ ಟಪ್ಪಂತ ಹೊಡೆಯುತ್ತದೆ. ಅದಕ್ಕೆ, ಹಂಗೇರಿಯ ಸಂಯೋಜಕ ಬಾರ್ಟೋಕ್ ಹೆಸರಿನಲ್ಲಿ, ಬಾರ್ಟೋಕ್ ಪಿಟ್ಸಿಕಾಟೋ ಅಂತಾರೆ. ಇವೆಲ್ಲ ಸುಮ್ನೆ ಚಮತ್ಕಾರಕ್ಕೆ ಮಾಡುವುದಲ್ಲ, ಸಂಯೋಜಕರೇ ಬರೆದಿರುತ್ತಾರೆ.

ಕೃತಿಯ ಹಿನ್ನೆಲೆ ಸ್ವಲ್ಪ ಗೊತ್ತಿದ್ದರಂತೂ ಅನುಭವವೇ ಬದಲಾಗುತ್ತದೆ. ಇಂಗ್ಲಿಷ್ ಸಂಯೋಜಕ ಬೆಂಜಮಿನ್ ಬ್ರಿಟನ್ 1963ರಲ್ಲಿ ಗಿಟಾರ್ ವಾದಕ ಜೂಲಿಯನ್ ಬ್ರೀಮ್‌ಗಾಗಿ ಬರೆದ 'ನಾಕ್ಟರ್ನಲ್' ತಗೊಳ್ಳಿ. ಸಾಮಾನ್ಯವಾಗಿ ಮೂಲ ಹಾಡು ಮೊದಲು, ಅದರ ವಿಸ್ತಾರಗಳು (ಅದನ್ನೇ ಬಗೆಬಗೆಯಾಗಿ ಬದಲಿಸಿದ ರೂಪಗಳು) ಆಮೇಲೆ, ಅಲ್ವಾ? ಇಲ್ಲಿ ಪೂರ್ತಿ ಉಲ್ಟಾ. ಮೊದಲು ಎಂಟು ವಿಸ್ತಾರಗಳು: ಒಂದರಲ್ಲಿ ಚಡಪಡಿಕೆ, ಒಂದರಲ್ಲಿ ಕಳವಳ, ಮತ್ತೊಂದರಲ್ಲಿ ಕನಸು. ನಿದ್ದೆ ಬಾರದವರ ರಾತ್ರಿಯ ಹಾಗೆ. ಕೊನೆಗೆ, ಎಲ್ಲ ಒದ್ದಾಟ ಮುಗಿದ ಮೇಲೆ, ಹಳೆಯ ಕಾಲದ ಸಂಯೋಜಕ ಜಾನ್ ಡೌಲಂಡ್ 1597ರಲ್ಲಿ ಪ್ರಕಟಿಸಿದ, ನಿದ್ದೆಯನ್ನು ಕರೆಯುವ ಹಾಡು ಬರುತ್ತದೆ. ಅಷ್ಟು ಹೊತ್ತು ಕೇಳಿದ ಚೂರುಗಳೆಲ್ಲ ಎಲ್ಲಿಂದ ಬಂದವು ಅಂತ ಆಗ ತಿಳಿಯುತ್ತದೆ. ನನ್ನ ಮಟ್ಟಿಗೆ ಗಿಟಾರಿಗೆ ಇದಕ್ಕಿಂತ ದೊಡ್ಡ ಕೃತಿ ಇಲ್ಲ.

ಸಾಧ್ಯವಾದರೆ ಮುಂದಿನ ಸಾಲಿನಲ್ಲೇ ಕೂರಿ. ಮೈಕ್ ಇಲ್ಲದ ಗಿಟಾರಿನ ದನಿ ಜಾಸ್ತಿ ದೂರ ಹೋಗುವುದಿಲ್ಲ.