ರೇಖೆಯ ಕೊರತೆಯನ್ನು ಮಿಶ್ರ ಮಾಧ್ಯಮ ಮುಚ್ಚೀತೇ?

ರೇಖೆ ಇನ್ನೂ ಪಳಗಿಲ್ಲ, ಬಟ್ಟೆ, ಕಾಗದ, ಬಣ್ಣಗಳನ್ನು ಬೆರೆಸಿ ಮನುಷ್ಯಾಕೃತಿ ಮಾಡಿದರೆ ಆ ಕೊರತೆ ಮುಚ್ಚೀತೇ, ಅದಕ್ಕೆ ಏನೇನು ಕೊಳ್ಳಬೇಕು ಎಂದು ಕೇಳಿದ್ದೀರಿ. ನಾನೂ ಕಲಾಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಕಲಬುರಗಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತ ಚಿತ್ರಕಲೆಗೆ ಬಂದವನು, ಇದೇ ಆಸೆಯಿಂದ ಮಿಶ್ರ ಮಾಧ್ಯಮಕ್ಕೆ ಕೈ ಹಾಕಿದವನು.

ಪರಿಚಯದ ವೈದ್ಯರೊಬ್ಬರು ಮನೆಯ ಪಡಸಾಲೆಗೆಂದು ಮುಂಗಡ ಕೊಟ್ಟು ಒಂದು ಚಿತ್ರ ಕೇಳಿದ್ದರು. ತೊಗರಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಳೆ ತೆಗೆಯುವ ಹೆಂಗಸನ್ನು ಆರಿಸಿಕೊಂಡೆ. ಮುಖ, ಕೈ, ಮೈಯನ್ನೆಲ್ಲ ಮೊದಲು ತೈಲವರ್ಣದಲ್ಲಿ ಮಾಡಿದೆ. ಮಡಚಿದ ಮೊಣಕಾಲು ಎಷ್ಟು ತಿದ್ದಿದರೂ ಸರಿಹೋಗದ್ದರಿಂದ ಅದರ ಮೇಲೆ ಅಕ್ರಿಲಿಕ್ ಬಳಿದು, ಹಳೆಯ ಇಳಕಲ್ ಸೀರೆಯ ತುಂಡನ್ನು ಬಡಗಿಗಳ ಬಿಳಿ ಅಂಟಿನಿಂದ ಅಂಟಿಸಿ, ಅಂಚುಗಳನ್ನು ಮತ್ತೆ ಅಕ್ರಿಲಿಕ್‌ನಿಂದಲೇ ಬೆಸೆದೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲು ಏರುತ್ತಿದ್ದಂತೆ ಸೊಂಟದ ಕೆಳಗಿನ ಸೀರೆ, ಹಾಲಿನ ಕೆನೆಯಂತೆ, ಬಣ್ಣದ ಪದರದೊಂದಿಗೆ ಎದ್ದು ಬಂತು. ಚಿತ್ರ ವಾಪಸಾಯಿತು, ಮುಂಗಡವನ್ನೂ ಹಿಂದಿರುಗಿಸಿದೆ.

ಇದನ್ನು ಬಿಡಿಸಿ ಹೇಳಲೇಬೇಕು. ಅಕ್ರಿಲಿಕ್‌ನಲ್ಲಿರುವುದು ನೀರು ಮತ್ತು ರಾಳ. ನೀರು ಆರಿದೊಡನೆ ಅದು ಪೊರೆಯಾಗುತ್ತದೆ. ಅಗಸೆ ಎಣ್ಣೆಯ ಬಣ್ಣ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಅದರ ಕೆಲಸ ತಿಂಗಳುಗಟ್ಟಲೆ ನಡೆದೇ ಇರುತ್ತದೆ. ಎಣ್ಣೆಯ ಮೈಯನ್ನು ನೀರಿನ ಬಣ್ಣವಾಗಲಿ, ನೀರಿನ ಅಂಟಾಗಲಿ ಹಿಡಿಯುವುದಿಲ್ಲ. ಅಕ್ರಿಲಿಕ್ ಕೆಳಗೆ, ಎಣ್ಣೆ ಮೇಲೆ ಎಂಬ ಕ್ರಮದಲ್ಲಿ ಹೋಗಿದ್ದರೆ ನಿಲ್ಲುತ್ತಿತ್ತು. ಅಂಗಡಿಯಲ್ಲಿ ಸಿಗುವ ಸಿದ್ಧ ಕ್ಯಾನ್ವಾಸಿನ ಬಿಳಿ ಲೇಪ ಸಾಮಾನ್ಯವಾಗಿ ಅಕ್ರಿಲಿಕ್ಕೇ ಆಗಿದ್ದು, ಅದರ ಮೇಲೆ ಎಲ್ಲರೂ ತೈಲವರ್ಣ ಹಚ್ಚುತ್ತಾರೆ. ದಿನವೂ ಕಣ್ಣೆದುರಿಗಿದ್ದ ಈ ಸಂಗತಿಯನ್ನು ನಾನು ಯೋಚಿಸಲೇ ಇಲ್ಲ.

ಆದರೆ ಬಣ್ಣದ ಕ್ರಮ ಸರಿಯಿದ್ದರೂ ಆ ಚಿತ್ರ ಉಳಿಯುತ್ತಿರಲಿಲ್ಲ ಎನ್ನುವುದು ಸೀರೆ ಕಿತ್ತು ಬಂದಾಗ ತಿಳಿಯಿತು. ಕೆಳಗಿದ್ದ ಕಾಲುಗಳು ಯಾರನ್ನೂ ಹೊರುವಂತಿರಲಿಲ್ಲ. ಸೀರೆ ಇದ್ದಾಗಲೂ ಆ ಹೆಂಗಸು ಕುಳಿತಂತಿರದೆ ತೇಲಿದಂತೆ ಕಾಣುತ್ತಿದ್ದುದು ಅದಕ್ಕೇ. ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ: ನಿಜವಾದ ಬಟ್ಟೆಯನ್ನು ಅಂಟಿಸಿದಷ್ಟೂ ಅದರೊಳಗಿನ ದೇಹದ ಸುಳ್ಳು ಹೆಚ್ಚು ಎದ್ದು ಕಾಣುತ್ತದೆ.

ನಮ್ಮೂರಿನ ಚಿತ್ರಕಾರ ಎಸ್. ಎಂ. ಪಂಡಿತರ (1916–1993) ಹೆಸರು ಹೇಳಿ ‘ಪ್ರತಿಭೆಯೊಂದಿದ್ದರೆ ಸಾಕು’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಅವರು ಮದ್ರಾಸ್, ಮುಂಬೈಗಳಲ್ಲಿ ಕ್ರಮವಾಗಿ ಕಲಿತವರು. ನಮಗೆ ಆ ಭಾಗ್ಯವಿಲ್ಲದಿದ್ದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆ ಇದೆ. ಅಲ್ಲಿ ನೆಲದ ಮೇಲೆ ಕಾಯಿಪಲ್ಯ ಹರವಿಕೊಂಡು ಕುಳಿತವರನ್ನು ಬಿಡಿಸಿ. ತಕ್ಕಡಿ ಎತ್ತುವಾಗ ಮೈಭಾರ ಯಾವ ಹಿಮ್ಮಡಿಗೆ ಸರಿಯುತ್ತದೆ ಎಂಬುದನ್ನಷ್ಟೇ ನೋಡಿ, ಮುಖವನ್ನು ಬಿಟ್ಟುಬಿಡಿ. ನಮ್ಮ ಜಿಲ್ಲೆಯ ಸನ್ನತಿಯ ಪಕ್ಕದ ಕನಗನಹಳ್ಳಿಯ ಪ್ರಾಚೀನ ಬೌದ್ಧ ಸ್ತೂಪಕ್ಕೂ ಹೋಗಿ. ‘ರಾಯೋ ಅಸೋಕೋ’ ಎಂಬ ಬ್ರಾಹ್ಮಿ ಬರಹವಿರುವ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲಿಯೇ. ಎಲ್ಲರೂ ಆ ಬರಹಕ್ಕಾಗಿ ಹೋಗುತ್ತಾರೆ, ನೀವು ಸ್ತೂಪದ ಸುಣ್ಣಕಲ್ಲಿನ ಉಬ್ಬುಶಿಲ್ಪಗಳಲ್ಲಿ ಜನ ನಿಂತಿರುವ ಬಗೆಯನ್ನು ನೋಡಲು ಹೋಗಿ.

ಸಾಮಗ್ರಿಯ ವಿಷಯಕ್ಕೆ ಬಂದರೆ, ಈಗಲೇ ಏನನ್ನೂ ಕೊಳ್ಳಬೇಡಿ. ಇದ್ದಿಲು ಮತ್ತು ಅಗ್ಗದ ಕಾಗದ ಸಾಕು. ಮುಂದೆ ಅಂಟಿಸುವ ಕೆಲಸಕ್ಕೆ ಇಳಿದಾಗ ಕ್ಯಾನ್ವಾಸಿಗಿಂತ ಪ್ಲೈವುಡ್ ಮೇಲು, ಅದು ಭಾರಕ್ಕೆ ಜೋಲುವುದಿಲ್ಲ. ದಿನಪತ್ರಿಕೆಯನ್ನು ಅಂಟಿಸಬೇಡಿ, ಅದರಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶದಿಂದ ಕಾಗದ ಬಿಸಿಲಿಗೆ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಬಟ್ಟೆಯ ಚೂರುಗಳನ್ನು ಕೌದಿ ಹೊಲಿಯುವವರ ಹತ್ತಿರ ಕೇಳಿ ಪಡೆಯಿರಿ. ಅಂಟಿಸುವ ಮುನ್ನ ಒಗೆದು ಗಂಜಿ ತೆಗೆಯಿರಿ, ಬಣ್ಣ ಬಿಡುವ ಬಟ್ಟೆಯಾದರೆ ಪಕ್ಕದ ಬಿಳಿಯನ್ನೆಲ್ಲ ಕೆಡಿಸುತ್ತದೆ. ಸೀರೆ ಮೈಗೆ ಬಿಗಿದು ನಿಂತ ಕಡೆ, ಅಂದರೆ ಮೊಣಕಾಲು, ಭುಜ, ಸೊಂಟದ ಮೇಲಷ್ಟೇ ಬಟ್ಟೆಯನ್ನು ಅಂಟಿಸಿ; ಉಳಿದ ಸೀರೆಯನ್ನು ಕುಂಚದಿಂದಲೇ ಬರೆಯಿರಿ.