ಕೆಲವರಿಗೆ ಮಾತ್ರ ಎಸ್‌ಎಸ್‌ಎಚ್ ಲಾಗಿನ್ ಕೊಡುವುದು ಹೇಗೆ?

ಹಾಸನದ ಕಚೇರಿಯಲ್ಲಿರುವ ಉಬುಂಟು ಸರ್ವರ್‌ಗೆ ಸಕಲೇಶಪುರ ಮತ್ತು ಬೇಲೂರು ಶಾಖೆಗಳಿಂದ ತಲಾ ಒಬ್ಬರು ಮಾತ್ರ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಲಾಗಿನ್ ಆಗಬೇಕು, ಉಳಿದ ಖಾತೆಗಳನ್ನು ಅಳಿಸದೆ ಹಾಗೇ ಇಡಬೇಕು ಎಂದು ಕೇಳಿದ್ದೀರಿ. ಇದಕ್ಕೆ ಗ್ರೂಪ್ ಮಾಡುವುದೇ ಲೇಸು. ಹೆಸರುಗಳನ್ನೇ ಬರೆದರೆ ಜನ ಬದಲಾದಾಗಲೆಲ್ಲ ಸೆಟ್ಟಿಂಗ್ ಫೈಲ್ ತಿದ್ದಬೇಕಾಗುತ್ತದೆ.

ಮೊದಲು ಒಂದು ಹೊಸ ಗ್ರೂಪ್ ಮಾಡಿ, ಖಾತೆ ಬದಲಿಸುವ ಯೂಸರ್‌ಮಾಡ್ ಕಮಾಂಡ್‌ಗೆ ಸಣ್ಣ 'ಎ', ದೊಡ್ಡ 'ಜಿ' ಆಯ್ಕೆ ಕೊಟ್ಟು ಆ ಇಬ್ಬರನ್ನೂ, ಮರೆಯದೆ ನಿಮ್ಮನ್ನೂ ಸೇರಿಸಿ. ಸಣ್ಣ 'ಎ' ಆಯ್ಕೆ ಬಿಟ್ಟು ಬರೀ ದೊಡ್ಡ 'ಜಿ' ಕೊಟ್ಟರೆ ಆ ಖಾತೆ ಸುಡೋ (ಅಡ್ಮಿನ್ ಅಧಿಕಾರದ ಗ್ರೂಪ್) ಸೇರಿದಂತೆ ಉಳಿದ ಗ್ರೂಪ್‌ಗಳಿಂದ ಹೊರಬೀಳುತ್ತದೆ. ಆಮೇಲೆ ಎಸ್‌ಎಸ್‌ಎಚ್ ಸರ್ವರ್‌ನ ಸೆಟ್ಟಿಂಗ್ ಇರುವ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲ್‌ನಲ್ಲಿ 'ಅಲೋಗ್ರೂಪ್ಸ್' ಎಂದು ಬರೆದು ಮುಂದೆ ಗ್ರೂಪ್ ಹೆಸರು ಹಾಕಿ. ಫೈಲ್‌ನ ಕೊನೆಯಲ್ಲಿ 'ಮ್ಯಾಚ್' (ಷರತ್ತು ಹಾಕುವ) ಭಾಗವಿದ್ದರೆ ಈ ಸಾಲು ಅದಕ್ಕಿಂತ ಮೇಲಿರಬೇಕು, ಇಲ್ಲವಾದರೆ ಆ ಷರತ್ತಿಗೆ ಮಾತ್ರ ಅನ್ವಯಿಸುತ್ತದೆ. ಒಂದಕ್ಕಿಂತ ಹೆಚ್ಚು ಗ್ರೂಪ್ ಹೆಸರಿದ್ದರೆ ನಡುವೆ ಖಾಲಿ ಜಾಗ ಬಿಡಿ, ಅಲ್ಪವಿರಾಮ ಬೇಡ.

ಬಳಕೆದಾರರ ಹೆಸರು ಪಟ್ಟಿ ಮಾಡುವ 'ಅಲೋಯೂಸರ್ಸ್' ಸಾಲೂ ಇದ್ದರೆ ಎರಡೂ ಪರೀಕ್ಷೆ ದಾಟಿದವರಿಗಷ್ಟೇ ಪ್ರವೇಶ; ಬಹಳ ಜನ ಎಡವುವುದು ಇಲ್ಲೇ.

ಉಳಿದವರ ಪಾಸ್‌ವರ್ಡ್ ಲಾಕ್ ಮಾಡಿದರೆ ಸಾಕಲ್ಲವೇ ಎಂದರೆ, ಸಾಲದು. ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಬಳಸುವ ಫೈಲ್) ಇಟ್ಟುಕೊಂಡವರು ಆಗಲೂ ಒಳಬರಬಲ್ಲರು.

ಉಳಿಸಿದ ಮೇಲೆ 'ಸುಡೋ ಎಸ್‌ಎಸ್‌ಎಚ್‌ಡಿ' ಜೊತೆ ಸಣ್ಣ 'ಟಿ' ಆಯ್ಕೆ ಕೊಟ್ಟು ಬರವಣಿಗೆಯ ತಪ್ಪು ನೋಡಿ, ಎಸ್‌ಎಸ್‌ಎಚ್ ಸರ್ವೀಸ್ ರೀಲೋಡ್ ಮಾಡಿ. ಈಗ ತೆರೆದಿರುವ ಸೆಷನ್ ಕಡಿದುಹೋಗುವುದಿಲ್ಲ. ಅದನ್ನು ಮುಚ್ಚದೆ ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡಿ. ಸಕಲೇಶಪುರದಲ್ಲಿ ಕೂತು ತಪ್ಪು ಮಾಡಿದರೆ, ಸರಿಪಡಿಸಲು ಸುಮಾರು 40 ಕಿಲೋಮೀಟರ್ ಹಾಸನಕ್ಕೇ ಹೋಗಬೇಕಾದೀತು.