ಡಾಂಗಲ್ ಚುಚ್ಚಿದ ಮೇಲೆ ಕರ್ನಲ್ ಏನು ಮಾಡುತ್ತದೆ?

ಉಡುಪಿಯಲ್ಲಿ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ್ದೀರಿ, ವೈಫೈ ಡಾಂಗಲ್ ಚುಚ್ಚಿದರೆ ಸದ್ದಿಲ್ಲ; ಸರಿಯಾದ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಯಾವುದೆಂದು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಗೊತ್ತಾಗುವುದು ಹೇಗೆ, ಇದನ್ನೆಲ್ಲ ಕಲಿಯುವುದು ಎಲ್ಲಿಂದ ಎಂದು ಕೇಳಿದ್ದೀರಿ.

ಪೆಟ್ಟಿಗೆಯ ಮೇಲಿನ ಹೆಸರು ಕರ್ನಲ್‌ಗೆ ಬೇಕಾಗಿಲ್ಲ ಮಾರಾಯ್ರೆ. ಯುಎಸ್‌ಬಿ ಸಾಧನ ಚುಚ್ಚಿದ ಕೂಡಲೇ ಎರಡು ಸಂಖ್ಯೆ ಹೇಳುತ್ತದೆ: ತಯಾರಕರದ್ದೊಂದು, ಉತ್ಪನ್ನದ್ದೊಂದು, ತಲಾ 16 ಬಿಟ್. ಪ್ರತಿ ಡ್ರೈವರ್‌ನಲ್ಲೂ ತಾನು ನಿಭಾಯಿಸಬಲ್ಲ ಸಾಧನಗಳ ಪಟ್ಟಿ ಇರುತ್ತದೆ. ತಾಳೆಯಾದರೆ ಸಾಧನಗಳ ಬರಹೋಗು ನೋಡಿಕೊಳ್ಳುವ ಯುಡೆವ್ (udev) ಆ ಡ್ರೈವರ್‌ನ ಮಾಡ್ಯೂಲನ್ನು, ಅಂದರೆ ಕರ್ನಲ್‌ಗೆ ಬೇಕಾದಾಗ ಸೇರಿಸುವ ಕೋಡ್ ತುಂಡನ್ನು, ಲೋಡ್ ಮಾಡಿಸುತ್ತದೆ; ಸಾಧನವನ್ನು ವಹಿಸಿಕೊಳ್ಳಲು ಕರ್ನಲ್ ಅದರ ಪ್ರೋಬ್ ಫಂಕ್ಷನ್ ಕರೆಯುತ್ತದೆ. ಒಂದೇ ಮಾಡೆಲ್ ಹೆಸರಿನ ಡಾಂಗಲ್‌ಗಳೊಳಗೆ ಬೇರೆ ಬೇರೆ ಚಿಪ್ ಇರುವುದುಂಟು. ‘ಗೆಳೆಯನದ್ದು ಓಡುತ್ತದೆ, ನನ್ನದು ಇಲ್ಲ’ ಎಂಬ ತಕರಾರು ಹುಟ್ಟುವುದೇ ಅಲ್ಲಿ.

ಮೊದಲು ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ಕೊಡಿ, ಜೋಡಿಸಿದ ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ಅದರಲ್ಲಿ ಡಾಂಗಲ್ ಕಾಣದಿದ್ದರೆ ಡ್ರೈವರ್ ಹುಡುಕಿ ಪ್ರಯೋಜನವಿಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಪೋರ್ಟ್ ಕಿಲುಬು ಹಿಡಿದಿರಲೂಬಹುದು, ಬೇರೆಯದಕ್ಕೆ ಹಾಕಿ. ಕಂಡರೆ ಡಿಮೆಸ್ಗ್ (dmesg) ಕಮಾಂಡ್ ಕೊಟ್ಟು ಕರ್ನಲ್‌ನ ಸಂದೇಶಗಳನ್ನು ಓದಿ. ಫರ್ಮ್‌ವೇರ್ ಸಿಗಲಿಲ್ಲ ಎಂಬ ಸಾಲಿದ್ದರೆ ಡ್ರೈವರ್ ಬಂದಾಗಿದೆ, ಫರ್ಮ್‌ವೇರ್, ಅಂದರೆ ಚಿಪ್‌ಗೆ ತುಂಬಬೇಕಾದ ಫೈಲ್ ಮಾತ್ರ ಬಾಕಿ.

ಕಲಿಯಲು ನಿಜವಾದ ಹಾರ್ಡ್‌ವೇರ್ ಬೇಡ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಟಿಸುವ ಕ್ಯೂಎಮು (QEMU) ಎಮ್ಯುಲೇಟರ್‌ನಲ್ಲಿ ‘ಎಜು’ (edu) ಎಂಬ ಪಿಸಿಐ (ಒಳಗೆ ಕಾರ್ಡು ಜೋಡಿಸುವ ಮಾರ್ಗ) ಸಾಧನವಿದೆ, ಕಲಿಯುವವರಿಗೆಂದೇ ಮಾಡಿದ್ದು. ಅಂಕಿ ಬರೆದರೆ ಫ್ಯಾಕ್ಟೋರಿಯಲ್ ಲೆಕ್ಕ ಹಾಕುತ್ತದೆ. ಇಂಟರಪ್ಟ್ (ಸಾಧನ ಸಿಪಿಯುವನ್ನು ಕರೆಯುವ ಸಂಕೇತ), ಡಿಎಂಎ (ಸಾಧನವೇ ನೇರ ಮೆಮೊರಿ ಓದಿ ಬರೆಯುವುದು) ಎರಡೂ ಇವೆ. ಅದಕ್ಕೊಂದು ಡ್ರೈವರ್ ಬರೆಯಿರಿ. ಕರ್ನಲ್ ಬಿದ್ದರೂ ಬೀಳುವುದು ವರ್ಚುವಲ್ ಮೆಷಿನ್ ಅಷ್ಟೆ. ಸಿ ಭಾಷೆಯ ಪಾಯಿಂಟರ್ (ಮೆಮೊರಿ ವಿಳಾಸ ಹಿಡಿದಿಡುವ ಚರ) ಮಾತ್ರ ನಿಮಗೆ ಗಟ್ಟಿಯಿರಬೇಕು. ಹಳೇ ಕರ್ನಲ್ ಆವೃತ್ತಿ 2.6ರ ಕಾಲದ ಪಾಠಗಳ ಕೋಡ್ ಎಷ್ಟೋ ಸಲ ಈಗಿನ ಕರ್ನಲ್‌ನಲ್ಲಿ ಕಂಪೈಲ್ ಆಗುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಎಲ್‌ಎಸ್‌ಯುಎಸ್‌ಬಿಯಲ್ಲಿ ಬಂದ ಸಾಲನ್ನು ಇಲ್ಲಿ ಹಾಕಿ, ಚಿಪ್ ಯಾವುದೆಂದು ನೋಡುವ.